ನಿವೃತ್ತಿಯ ನಂತರದ ಕಾದಂಬರಿ

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಗೆ ನಾನು ಬರೆಯುವವನು ಎಂದು ಗೊತ್ತಾದರೆ, ಹೋಳಿಗೆ ಬರುವುದರೊಳಗೆ ಒಂದು ಮಾತು ಬಂದೇ ಬರುತ್ತದೆ: ‘ನಂದೂ ಒಂದು ಕಾದಂಬರಿ ತಲೇಲಿದೆ ಸಾರ್. ರಿಟೈರ್ ಆದ್ಮೇಲೆ ಕೂತು ಬರೀಬೇಕು.’ ಹೇಳುವವರು ಬ್ಯಾಂಕಿನವರಿರಬಹುದು, ವಿದ್ಯುತ್ ಮಂಡಳಿಯವರಿರಬಹುದು, ಹೈಸ್ಕೂಲು ಮೇಷ್ಟ್ರಿರಬಹುದು. ಕತೆ ಏನೆಂದು ಕೇಳಿದರೆ ಬಹಳ ಸಲ ಚೆನ್ನಾಗಿಯೇ ಇರುತ್ತದೆ. ನಾಡಿನಲ್ಲಿ ಹೀಗೆ ತಲೆಯೊಳಗೇ ಉಳಿದ ಕಾದಂಬರಿಗಳಿಗೆಲ್ಲ ಒಂದು ಗ್ರಂಥಾಲಯ ಕಟ್ಟಿದರೆ ಕಬ್ಬನ್ ಪಾರ್ಕಿನ ಜಾಗ ಸಾಲದು.

ಇದನ್ನು ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. ಈ ಮಾತಾಡುವವರು ಸಾಮಾನ್ಯವಾಗಿ ನನಗಿಂತ ಹೆಚ್ಚು ದುಡಿಯುವವರು. ಅವರದು ಒಂದು ಬಗೆಯ ಆಶಾವಾದ. ಬಿಡುವು ಸಿಕ್ಕರೆ ಬರವಣಿಗೆ ತಾನಾಗಿ ಬರುತ್ತದೆ, ಬಿಡುವನ್ನು ತಿನ್ನುತ್ತಿರುವುದು ನೌಕರಿ, ಆದ್ದರಿಂದ ನೌಕರಿ ಮುಗಿದ ದಿನ ಕಾದಂಬರಿ ಶುರು. ಬ್ಯಾಂಕಿನ ಠೇವಣಿಯ ಹಾಗೆ ಪ್ರತಿಭೆಯೂ ಮುಟ್ಟದೆ ಬಿಟ್ಟಷ್ಟು ಬಡ್ಡಿ ಸೇರಿ ಬೆಳೆಯುತ್ತದೆಂಬ ಲೆಕ್ಕ ಇದು.

ಆಮೇಲೆ ಆಗುವುದೇ ಬೇರೆ. ಅರವತ್ತು ತುಂಬುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಗಣೇಶನ ವಿಗ್ರಹ ಮನೆಗೆ ಬರುತ್ತವೆ. ಪಿಂಚಣಿಯ ಕಾಗದಪತ್ರಕ್ಕೆ ಓಡಾಡುವುದರಲ್ಲಿ ಮೊದಲ ಕೆಲವು ತಿಂಗಳು ಕಳೆಯುತ್ತವೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿಬರುವುದರಲ್ಲಿ ಇನ್ನಷ್ಟು. ವಾಪಸು ಬಂದರೆ ‘ನೀವೀಗ ಫ್ರೀ ಅಲ್ವಾ’ ಎಂದು ಅಪಾರ್ಟ್‌ಮೆಂಟಿನವರು ಕಾರ್ಯದರ್ಶಿ ಮಾಡಿಬಿಡುತ್ತಾರೆ. ಅಲ್ಲಿಂದಾಚೆಗೆ ಆತ ಬರೆಯುವ ಗದ್ಯವೆಲ್ಲ ನೀರಿನ ಟ್ಯಾಂಕರು, ಲಿಫ್ಟಿನ ರಿಪೇರಿ ಮತ್ತು ಯಾರದೋ ನಾಯಿಯ ಕುರಿತಾದದ್ದು. ಒಂದು ದಿನ ಹಟ ಹಿಡಿದು ಕೂತರೂ ಕೈ ಓಡುವುದಿಲ್ಲ. ಮೂವತ್ತೈದು ವರ್ಷ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಬರೆದ ಕೈಯಿಂದ ನಾಯಕಿ ಕೂಡ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆಯೇ ಅಳುತ್ತಾಳೆ.

ನೌಕರಿಯೇ ಅಡ್ಡಿ ಎಂಬ ಮಾತು ನಿಜವಾಗಿದ್ದರೆ ಕನ್ನಡದಲ್ಲಿ ಕಳೆದ ನೂರು ವರ್ಷದ ಸಾಹಿತ್ಯವೇ ಇರುತ್ತಿರಲಿಲ್ಲ. ಅದರ ಬಹುಪಾಲನ್ನು ಬರೆದವರು ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದವರು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರನ್ನೇ ನೋಡಿ. 1914ರಲ್ಲಿ ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವಿಸ್ ಸೇರಿದರು. ಅಸಿಸ್ಟೆಂಟ್ ಕಮಿಷನರಿಂದ ಅಬಕಾರಿ ಕಮಿಷನರವರೆಗೆ ಹೋದರು. ಅವರ ‘ಕೆಲವು ಸಣ್ಣ ಕತೆಗಳು’ ಹೊರಬಂದದ್ದು 1920ರಲ್ಲಿ, ಸರ್ಕಾರಿ ಕೆಲಸದ ಮಧ್ಯೆಯೇ. (ಅಬಕಾರಿ ಕಮಿಷನರು ಕತೆ ಬರೆಯುತ್ತಿದ್ದರೆ, ಕುಡುಕ ರತ್ನನ ಪದಗಳನ್ನು ಬರೆದ ರಾಜರತ್ನಂ ಹೆಂಡ ಮುಟ್ಟದ ಕನ್ನಡ ಮೇಷ್ಟ್ರು. ನಮ್ಮಲ್ಲಿ ಇಲಾಖೆಗಳ ಹಂಚಿಕೆ ಮೊದಲಿನಿಂದಲೂ ಹೀಗೇ.) ಮಾಸ್ತಿಯವರ ಎಷ್ಟೋ ಕತೆಗಳು ಯಾರೋ ಯಾರಿಗೋ ಹೇಳಿದ ಕತೆಯ ರೂಪದಲ್ಲಿವೆ. ಊರೂರು ಸರ್ಕೀಟು ಹೋಗಿ, ಎದುರಿಗೆ ಕೂತವರ ಮಾತನ್ನು ಸಾವಧಾನವಾಗಿ ಕೇಳಿಸಿಕೊಳ್ಳುವುದೇ ಕೆಲಸವಾಗಿದ್ದ ಅಧಿಕಾರಿಗೆ ಈ ಬಗೆ ಒಲಿದದ್ದರಲ್ಲಿ ಆಶ್ಚರ್ಯವಿಲ್ಲ ಎಂದು ನನಗೆ ಅನ್ನಿಸುತ್ತದೆ.

‘ಆದರೆ ಚಿಕವೀರ ರಾಜೇಂದ್ರ ಬರೆದದ್ದು ಕೆಲಸ ಬಿಟ್ಟ ಮೇಲಲ್ಲವೇ?’ ಎಂದು ಪಕ್ಕದ ಎಲೆಯವರು ಕೇಳಬಹುದು. ಹೌದು, ಆ ಕಾದಂಬರಿ 1956ರದು. ಸೇವಾ ಹಿರಿತನದಲ್ಲಿ ತಮಗೆ ಅನ್ಯಾಯವಾಯಿತೆಂದು ಅವರು ರಾಜೀನಾಮೆ ಕೊಟ್ಟು ಹತ್ತು ವರ್ಷಕ್ಕೂ ಹೆಚ್ಚು ಆಗಿತ್ತು. ಆದರೆ ರಾಜೀನಾಮೆಯ ಹೊತ್ತಿಗೆ ಅವರು ಮೂವತ್ತು ವರ್ಷದಿಂದ ಬರೆಯುತ್ತಿದ್ದರು. ನಿವೃತ್ತಿಯ ನಂತರ ಒಳ್ಳೆಯ ಕಾದಂಬರಿ ಬರುವುದಿಲ್ಲವೆಂದು ನಾನು ಹೇಳುತ್ತಿಲ್ಲ. ನಿವೃತ್ತಿಗೆ ಕಾಯದವರಿಗೆ ಅದು ಬರುತ್ತದೆ.

ಕೆ.ಎಸ್. ನರಸಿಂಹಸ್ವಾಮಿಯವರದು ಇನ್ನೂ ಸಣ್ಣ ಕುರ್ಚಿ. 1942ರಲ್ಲಿ ‘ಮೈಸೂರು ಮಲ್ಲಿಗೆ’ ಬಂದಾಗ ಅವರಿಗೆ ಇಪ್ಪತ್ತೇಳು ವರ್ಷ. ಹಗಲು ಸರ್ಕಾರಿ ಕಚೇರಿಯ ಗುಮಾಸ್ತಿಕೆ, 1970ರಲ್ಲಿ ನಿವೃತ್ತಿಯಾಗುವವರೆಗೂ ಕಡತ ಮತ್ತು ಟಿಪ್ಪಣಿ. ಕನ್ನಡ ದಾಂಪತ್ಯಕ್ಕೆ ಒಂದು ಭಾಷೆ ಕಟ್ಟಿಕೊಟ್ಟ ಕವಿಯ ಸಂಸಾರ ನಡೆದದ್ದು ತಿಂಗಳ ಮೊದಲ ತಾರೀಕಿನ ಸಂಬಳದಲ್ಲಿ. ಬಡತನವನ್ನು ನಾನು ಹಾಡಿ ಹೊಗಳುತ್ತಿಲ್ಲ. ಆ ಸಂಬಳ ಇನ್ನಷ್ಟು ಇದ್ದಿದ್ದರೆ ಕವಿತೆ ಕೆಡುತ್ತಿತ್ತೆಂದು ನಂಬುವವರು ತಮ್ಮ ಸಂಬಳ ಕಡಿಮೆ ಮಾಡಿಸಿಕೊಂಡು ತೋರಿಸಲಿ.

ಕಚೇರಿ ಅನ್ನ ಕೊಡುವುದು ಮಾತ್ರವಲ್ಲ, ಕೆಲವೊಮ್ಮೆ ಕತೆಯನ್ನೂ ಕೊಡುತ್ತದೆ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ ಮತ್ತು ರೆಸಿನ್ ತಯಾರಿಕೆಯ ಜಗತ್ತಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. 1979ರ ‘ಶಿಕಾರಿ’ಯ ನಾಗಪ್ಪನೂ ಕೆಮಿಕಲ್ ಕಂಪನಿಯೊಂದರ ಅಧಿಕಾರಿ. ತನ್ನ ತಪ್ಪೇನೆಂದು ತಿಳಿಯದೆ ಕೆಲಸದಿಂದ ಅಮಾನತಾಗಿ, ತನ್ನನ್ನು ಬೇಟೆಯಾಡುತ್ತಿರುವವರು ಯಾರೆಂದು ಹುಡುಕುತ್ತ ಹೋಗುತ್ತಾನೆ. ಬೋರ್ಡ್‌ರೂಮಿನ ನಗು, ಮೆಮೊದ ಭಾಷೆ, ಕುರ್ಚಿಗಾಗಿ ನಡೆಯುವ ಒಳಸಂಚು, ಇವನ್ನು ಅಷ್ಟು ಒಳಗಿನಿಂದ ಬರೆಯಲು ರಜೆ ಹಾಕಿ ಬೆಟ್ಟದ ತುದಿಯಲ್ಲಿ ಕೂತವನಿಗೆ ಸಾಧ್ಯವಿರಲಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೂಡ ಅಂಥದೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ಹುಡುಗರನ್ನು ಕರೆದುಕೊಂಡು ಕಾಡಿಗೆ ಹೋಗುವುದು ಪಾಠಪಟ್ಟಿಯ ಭಾಗ. ಆ ಡ್ಯೂಟಿಯಿಂದಲೇ ಕನ್ನಡದ ಅತ್ಯಂತ ಲವಲವಿಕೆಯ ಪುಸ್ತಕಗಳಲ್ಲೊಂದು ಹುಟ್ಟಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು.

ಇನ್ನೊಂದು ಕಡೆಯಲ್ಲಿ ಕೈಲಾಸಂ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದು, ಮೈಸೂರಿನ ಭೂಗರ್ಭ ಇಲಾಖೆಯ ಕೆಲಸ ಸೇರಿ, ಅದನ್ನು ಬಿಟ್ಟರು. ಬಿಟ್ಟದ್ದರಿಂದ ಕನ್ನಡ ರಂಗಭೂಮಿಗೆ ಲಾಭವಾಯಿತು, ಅನುಮಾನವಿಲ್ಲ. ಆದರೆ ಅವರ ನಾಟಕಗಳು ಹೆಚ್ಚಾಗಿ ಬಾಯಲ್ಲೇ ಹುಟ್ಟಿ ಬಾಯಲ್ಲೇ ಬೆಳೆದವು. ಸ್ನೇಹಿತರು ಕೂತು ಬರೆದುಕೊಂಡದ್ದು ಉಳಿಯಿತು, ಉಳಿದದ್ದು ಸಿಗರೇಟಿನ ಹೊಗೆಯ ಜೊತೆ ಹೋಯಿತು. ಅಷ್ಟು ದೊಡ್ಡ ಪ್ರತಿಭೆಗೆ ಇದ್ದದ್ದು ಹಗಲು ರಾತ್ರಿಯೆಲ್ಲ ಬಿಡುವು, ಇಲ್ಲದ್ದು ಇಂತಿಷ್ಟು ಹೊತ್ತಿಗೆ ಕೂರಬೇಕೆಂಬ ಕಟ್ಟು. ಕೈಲಾಸಂ ಅಂಥವರನ್ನು ಅಳೆಯಲು ನಾನ್ಯಾರು, ಆದರೂ ಪೂರ್ತಿ ಬಿಡುವಿನ ಮೇಲೆ ಆಸೆ ಇಟ್ಟವರು ಅವರನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಅವರ ಮಾತನ್ನು ಬರೆದುಕೊಂಡ ಸ್ನೇಹಿತರಂಥವರು ನಮಗೆ ನಿಮಗೆ ಸಿಗುವುದಿಲ್ಲ.

ಶಿವರಾಮ ಕಾರಂತರು ಈ ವಾದಕ್ಕೆ ಸುಲಭವಾಗಿ ಸಿಗುವವರಲ್ಲ. ಅವರು ನೌಕರಿ ಮಾಡಲಿಲ್ಲ. ಗಾಂಧಿಯವರ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು ಆಮೇಲೆ ಯಾವ ಹಾಜರಿ ಪುಸ್ತಕಕ್ಕೂ ಸಹಿ ಹಾಕಲಿಲ್ಲ. ಹಾಗೆಂದು ಅವರಿಗೆ ಬಿಡುವಿತ್ತೇ? ಪತ್ರಿಕೆ ನಡೆಸಿದರು, ನಿಂತಿತು. ಮೂಕಿ ಸಿನಿಮಾ ಮಾಡಿದರು, ದುಡ್ಡು ಹೋಯಿತು. ಪುತ್ತೂರಿನಲ್ಲಿ ಬಾಲವನ ಕಟ್ಟಿ ಮಕ್ಕಳಿಗೆ ಬೇರೆ ಥರದ ಶಿಕ್ಷಣ ಕೊಡಲು ಹೊರಟರು, ಊರಿಗೆ ಅದು ಬೇಕಿರಲಿಲ್ಲ. ಅಚ್ಚುಕೂಟ ಹಾಕಿದರು, ಸಾಲ ಆಯಿತು. ಈ ಮಧ್ಯೆ 1933ರಲ್ಲಿ ‘ಚೋಮನ ದುಡಿ’, 1936ರಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ, 1941ರಲ್ಲಿ ‘ಮರಳಿ ಮಣ್ಣಿಗೆ’. ಒಬ್ಬ ಮನುಷ್ಯ ಒಬ್ಬನೇ ಕೂತು ವಿಶ್ವಕೋಶ ಬರೆಯುತ್ತೇನೆಂದು ಹೊರಡುವುದಿದೆಯಲ್ಲ, ಅದನ್ನು ಮನೆಯವರು ಕೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಅವರೇ ಹೆಸರಿಟ್ಟುಕೊಂಡದ್ದು ವಿನಯದಿಂದಲ್ಲ, ವರದಿಗಾರನ ಪ್ರಾಮಾಣಿಕತೆಯಿಂದ.

ಕಾರಂತರನ್ನು ಆಶಾವಾದಿ ಎಂದು ಕರೆಯಲು ಬಾಯಿ ಬರುವುದಿಲ್ಲ. ಸಿಟ್ಟಿನ ಮನುಷ್ಯ. ದೇವರಲ್ಲಿ ನಂಬಿಕೆಯಿಲ್ಲ, ಸರ್ಕಾರದಲ್ಲಿ ಅದಕ್ಕಿಂತ ಕಡಿಮೆ. ತುರ್ತು ಪರಿಸ್ಥಿತಿ ಬಂದಾಗ ಪದ್ಮಭೂಷಣವನ್ನು ವಾಪಸು ಕೊಟ್ಟರು. ಕೈಗಾ ಅಣು ಸ್ಥಾವರ ಬೇಡವೆಂದು ಊರೂರು ಸುತ್ತಿ, 1989ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಲೋಕಸಭೆಗೆ ನಿಂತು ಸೋತರು. ಸ್ಥಾವರವೂ ಬಂತು. ಎಲ್ಲ ಚೆನ್ನಾಗಾಗುತ್ತದೆ ಎಂದು ಬಾಯಲ್ಲಿ ಹೇಳದ ಮನುಷ್ಯ ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. ನಾವು ‘ಪಾಸಿಟಿವ್ ಆಗಿರಿ’ ಎಂದು ಬೆಳಗಿನ ವಾಟ್ಸ್ಆ್ಯಪ್‌ನಲ್ಲಿ ಹೂವಿನ ಜೊತೆ ಕಳಿಸುವ ಆಶೆಗೂ ಇದಕ್ಕೂ ಯಾವ ನೆಂಟಸ್ತನವೂ ಇಲ್ಲ. ಅವರ ಆಶೆ ಮನಸ್ಸಿನಲ್ಲಿ ಇರಲಿಲ್ಲ. ಇದ್ದಿದ್ದರೆ ಒಂದು ಸೋಲಿಗೆ ಮುಗಿಯಬೇಕಿತ್ತು. ಅದು ಮೇಜಿನ ಮೇಲೆ, ಅರ್ಧ ಬರೆದಿಟ್ಟ ಹಾಳೆಯಲ್ಲಿತ್ತು.

ನನ್ನ ವಾದ ಇಷ್ಟೇ. ಆಶೆ ಮೊದಲು ಹುಟ್ಟಿ ಕೆಲಸ ಆಮೇಲೆ ಆಗುತ್ತದೆಂದು ನಾವು ತಿಳಿದಿದ್ದೇವೆ. ಹುಮ್ಮಸ್ಸು ಬರಲಿ, ಭರವಸೆ ಮೂಡಲಿ, ಆಮೇಲೆ ಶುರುಮಾಡೋಣ ಎನ್ನುತ್ತೇವೆ. ನಡೆಯುವುದು ಹೆಚ್ಚಾಗಿ ಹಿಂದುಮುಂದಾಗಿ. ನಿನ್ನೆ ಬರೆದ ಒಂದು ಕೆಟ್ಟ ಪುಟ ಇದ್ದರೆ ಇವತ್ತು ಅದನ್ನು ತಿದ್ದುವ ಆಸೆ ಹುಟ್ಟುತ್ತದೆ. ಏನೂ ಬರೆಯದವನಿಗೆ ಇರುವುದು ಮಹಾಕಾದಂಬರಿಯ ಆಸೆ ಮಾತ್ರ, ಮತ್ತು ಮಹಾಕಾದಂಬರಿಯನ್ನು ತಿದ್ದಲು ಬರುವುದಿಲ್ಲ.

ಇದು ಬಹಳ ಚೆನ್ನಾಗಿ ಕಾಣುವುದು ಕವಿಗಳಲ್ಲೂ ಅಲ್ಲ, ಕಾದಂಬರಿಕಾರರಲ್ಲೂ ಅಲ್ಲ, ನಿಘಂಟು ಮಾಡುವವರಲ್ಲಿ. ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಸುಮಾರು 70 ಸಾವಿರ ಪದ. ಧರ್ಮಪ್ರಚಾರಕ್ಕೆಂದು ಬಂದವರು ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದರೋ, ಕನ್ನಡ ಮಾತ್ರ ಅವರನ್ನು ಪೂರ್ತಿ ಮತಾಂತರಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟಿನ ಕೆಲಸ 1940ರ ದಶಕದಲ್ಲಿ ಶುರುವಾಯಿತು. ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ, ಎಂಟನೆಯದು, ಅಂದರೆ ಕೊನೆಯದು, 1995ರಲ್ಲಿ.

ಆ ಕೆಲಸ ಹೇಗಿರುತ್ತದೆಂದು ಸ್ವಲ್ಪ ಹತ್ತಿರದಿಂದ ನೋಡಿ. ಶಾಸನ, ಹಳಗನ್ನಡ ಕಾವ್ಯ, ವಚನ, ಆಧುನಿಕ ಗದ್ಯ, ಎಲ್ಲವನ್ನೂ ಪುಟಪುಟವಾಗಿ ಓದಬೇಕು. ಒಂದು ಪದ ಹೊಸ ಅರ್ಥದಲ್ಲಿ ಬಂದ ಕಡೆ ನಿಂತು, ಆ ಪದ, ಅದು ಬಂದ ಸಾಲು, ಗ್ರಂಥದ ಹೆಸರು, ಪದ್ಯದ ಸಂಖ್ಯೆ ಎಲ್ಲವನ್ನೂ ಒಂದು ಚೀಟಿಗೆ ಇಳಿಸಬೇಕು. ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಬೇಕು. ಒಂದೇ ಪದದ ಚೀಟಿಗಳನ್ನು ಮುಂದೆ ಹರಡಿಕೊಂಡು ಯಾವ ಅರ್ಥ ಹಳೆಯದು, ಯಾವುದು ಆಮೇಲೆ ಹುಟ್ಟಿದ್ದು ಎಂದು ವಾದ ಮಾಡಬೇಕು. ನಾಲ್ಕು ಜನ ವಿದ್ವಾಂಸರು ಕೂತರೆ ಐದು ಅಭಿಪ್ರಾಯ. ಸಂಜೆಯ ಹೊತ್ತಿಗೆ ಎರಡು ಪದ ಇತ್ಯರ್ಥವಾದರೆ ಒಳ್ಳೆಯ ದಿನ. ‘ಅ’ ಎಂದು ಶುರುಮಾಡಿದವರಿಗೆ ತಾವು ‘ಳ’ ನೋಡುತ್ತೇವೆಂಬ ಖಾತ್ರಿ ಇರಲಿಲ್ಲ. ಮೊದಮೊದಲು ಆ ಸಮಿತಿಯಲ್ಲಿ ಕೂತ ಹಿರಿಯರಲ್ಲಿ ಎಷ್ಟೋ ಮಂದಿ ಕೊನೆಯ ಸಂಪುಟ ನೋಡಲಿಲ್ಲ.

ನೋಡಿದವರು ಜಿ. ವೆಂಕಟಸುಬ್ಬಯ್ಯನವರು. ಆರಂಭದಲ್ಲಿ ಅವರಿಗೆ ಇನ್ನೂ ಮೂವತ್ತರ ಹರೆಯ, ಎಂಟನೆಯ ಸಂಪುಟ ಬರುವಾಗ ಎಂಬತ್ತೆರಡು. ನಡುವೆ ಅವರು ಬೆಂಗಳೂರಿನ ವಿಜಯಾ ಕಾಲೇಜಿನಲ್ಲಿ ಪಾಠ ಮಾಡಿದರು, ಪ್ರಾಂಶುಪಾಲರಾದರು, ನಿವೃತ್ತರೂ ಆದರು. ತೊಂಬತ್ತರ ದಶಕದಲ್ಲಿ ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣ ಶುರುಮಾಡಿ, ಓದುಗರ ಪದಸಂದೇಹಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟರು. 2021ರಲ್ಲಿ ತೀರಿಕೊಂಡಾಗ 107 ವರ್ಷ. ಅಷ್ಟು ಆಯುಸ್ಸು ಸಿಗುತ್ತದೆಂದು ತಿಳಿದು ಅವರು ಕೆಲಸಕ್ಕೆ ಕೂತವರಲ್ಲ. ಕನ್ನಡದ ಭವಿಷ್ಯ ಉಜ್ವಲವೋ ಅಲ್ಲವೋ ಎಂದು ನಾವು ವಿಚಾರ ಸಂಕಿರಣ ನಡೆಸುತ್ತ, ಮಧ್ಯಾಹ್ನದ ಊಟಕ್ಕೆ ಎದ್ದುಹೋಗುತ್ತಿದ್ದ ವರ್ಷಗಳಲ್ಲಿ ಒಂದು ಕೋಣೆಯಲ್ಲಿ ಯಾರೋ ಮುಂದಿನ ಚೀಟಿ ಎತ್ತಿಕೊಳ್ಳುತ್ತಿದ್ದರು. ಆ ಸಂಕಿರಣಗಳ ನಡಾವಳಿ ಈಗ ಯಾರ ಕೈಗೂ ಸಿಗುವುದಿಲ್ಲ. ನಿಘಂಟು ಸಿಗುತ್ತದೆ.

ಇಲ್ಲಿಯವರೆಗೆ ಹೆಸರಿಸಿದವರೆಲ್ಲ ಗಂಡಸರು ಎಂಬುದನ್ನು ಓದುವ ಹೆಂಗಸರು ಆಗಲೇ ಗಮನಿಸಿರುತ್ತಾರೆ. ‘ಕಚೇರಿಯಿಂದ ಬಂದು ಬರೆದರಂತೆ, ಸರಿ. ಬಂದ ಮೇಲೆ ಕಾಫಿ ಕೊಟ್ಟವರು ಯಾರು?’ ಎಂಬ ಪ್ರಶ್ನೆಗೆ ಸಾಹಿತ್ಯ ಚರಿತ್ರೆಯಲ್ಲಿ ಉತ್ತರವಿಲ್ಲ. ನಿವೃತ್ತಿಯ ನಂತರ ಎಂಬ ಕನಸೇ ಗಂಡಸಿನದು. ಅಡುಗೆಮನೆಗೆ ನಿವೃತ್ತಿಯ ವಯಸ್ಸು ನಿಗದಿಯಾಗಿಲ್ಲ, ಪಿಂಚಣಿಯೂ ಇಲ್ಲ. ಎಂ.ಕೆ. ಇಂದಿರಾ ಅವರಿಗೆ ಚಿಕ್ಕಂದಿನಲ್ಲೇ ಮದುವೆ, ಶಾಲೆ ಅಲ್ಲಿಗೆ ನಿಂತಿತು. ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂದಾಗ ನಲವತ್ತೈದು ದಾಟಿತ್ತು. ‘ಫಣಿಯಮ್ಮ’ ಬಂದದ್ದು 1976ರಲ್ಲಿ. ತಡವಾಗಿ ಶುರುಮಾಡುವುದಕ್ಕೂ ಶುರುಮಾಡುವುದನ್ನು ತಡಮಾಡುತ್ತ ಹೋಗುವುದಕ್ಕೂ ಇರುವ ಅಂತರ ಅವರಲ್ಲಿ ಕಾಣುತ್ತದೆ. ತ್ರಿವೇಣಿಯವರಿಗೆ ಕಾಲ ಅಷ್ಟೂ ಸಿಗಲಿಲ್ಲ. 1953ರಿಂದ ಹತ್ತು ವರ್ಷದೊಳಗೆ ಸುಮಾರು ಇಪ್ಪತ್ತು ಕಾದಂಬರಿ ಬರೆದು, 1963ರಲ್ಲಿ ಹೆರಿಗೆಯ ಬೆನ್ನಲ್ಲೇ ತೀರಿಕೊಂಡರು. ಮೂವತ್ತೈದು ಕೂಡ ತುಂಬಿರಲಿಲ್ಲ. ಅವರು ಅರವತ್ತಕ್ಕೆ ಕಾದಿದ್ದರೆ ‘ಶರಪಂಜರ’ ಇರುತ್ತಿರಲಿಲ್ಲ.

ಹಾಗಾಗಿ ನೌಕರಿಯನ್ನು ಹೊಗಳಿದ ನಾನೇ ಈಗ ಒಂದು ಷರತ್ತು ಹಾಕಬೇಕಾಗಿದೆ. ಬರೆಯುವವರಿಗೆ ಬೇಕಾದದ್ದು ಮುಂದೆಂದೋ ಸಿಗುವ ದೊಡ್ಡ ಬಿಡುವಲ್ಲ, ದಿನಾ ಸಿಗುವ ಸಣ್ಣ ಬಿಡುವು. ಮಾಸ್ತಿಯವರ ಕಚೇರಿಗೂ ನರಸಿಂಹಸ್ವಾಮಿಯವರ ಕಚೇರಿಗೂ ಒಂದು ದೊಡ್ಡ ಗುಣವಿತ್ತು: ಅವು ಸಂಜೆ ಬಾಗಿಲು ಹಾಕುತ್ತಿದ್ದವು. ಕಡತ ಬೀರುವಿನೊಳಗೆ ಉಳಿಯುತ್ತಿತ್ತು, ಗುಮಾಸ್ತರು ಮನೆಗೆ ಬರುತ್ತಿದ್ದರು. ಈಗಿನ ಕಡತ ಜೇಬಿನಲ್ಲಿ ಕೂತು ಮನೆಗೆ ಬರುತ್ತದೆ, ಊಟಕ್ಕೆ ಕೂತಾಗ ಕುಂಯ್ ಎನ್ನುತ್ತದೆ, ಅಮೆರಿಕದವರು ಏಳುವ ಹೊತ್ತಿಗೆ ಇಲ್ಲಿ ಮೀಟಿಂಗ್ ಶುರುವಾಗುತ್ತದೆ.

2023ರಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಮರುವರ್ಷ, ಐ.ಟಿ. ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡುವಂಥ ಕಾನೂನು ತಿದ್ದುಪಡಿಯ ಪ್ರಸ್ತಾವ ಕರ್ನಾಟಕದಲ್ಲಿ ಎದ್ದಿತು, ನೌಕರರ ಸಂಘದವರು ಬೀದಿಗೆ ಬಂದರು. ಲೆಕ್ಕ ಹಾಕಿ ನೋಡೋಣ. ವಾರಕ್ಕೆ 168 ಗಂಟೆ. ದುಡಿಮೆಗೆ 70, ನಿದ್ದೆಗೆ 50 ಎನ್ನಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಹದಿನೈದು ಕೊಡಲೇಬೇಕು, ಅದು ತಾನಾಗಿ ತೆಗೆದುಕೊಳ್ಳುತ್ತದೆ. ಉಳಿದ ಮೂವತ್ತಮೂರರಲ್ಲಿ ಸ್ನಾನ, ಅಡುಗೆ, ಊಟ, ಮಕ್ಕಳ ಹೋಂವರ್ಕು, ಅಮ್ಮನ ಮಾತ್ರೆ, ಬಟ್ಟೆ, ದಿನಸಿ. ಈ ಮನುಷ್ಯನ ತಲೆಯಲ್ಲಿ ಕಾದಂಬರಿ ಇದ್ದರೆ ಅದು ನಿವೃತ್ತಿಗೆ ಕಾಯದೆ ಇನ್ನೇನು ಮಾಡೀತು? ಹೆಂಗಸಾದರೆ ಆ ಮೂವತ್ತಮೂರು ಗಂಟೆಯೂ ಸುಳ್ಳು. ಪಂಕ್ತಿಯ ಪಕ್ಕದ ಎಲೆಯವರನ್ನು ನಾನು ಗೇಲಿ ಮಾಡಿದ್ದೇನೆ, ಅವರ ಮಕ್ಕಳನ್ನು ಗೇಲಿ ಮಾಡಲು ನನಗೆ ಧೈರ್ಯವಿಲ್ಲ.

ದುಡಿಮೆಯ ಗಂಟೆಯ ಪ್ರಶ್ನೆ ಕಾರ್ಮಿಕ ಇಲಾಖೆಯದು, ಕಾವ್ಯದ ಪ್ರಶ್ನೆ ಪರಿಷತ್ತಿನದು ಎಂದು ನಾವು ಬೇರೆಬೇರೆ ಇಟ್ಟುಬಿಟ್ಟಿದ್ದೇವೆ. ಬರೆಯುವವರಿಗೆ ಮಾತ್ರವಲ್ಲ, ಓದುವವರಿಗೂ ಸಂಜೆ ಬೇಕು. ‘ಮೈಸೂರು ಮಲ್ಲಿಗೆ’ಯನ್ನು ಮತ್ತೆ ಮತ್ತೆ ಅಚ್ಚು ಹಾಕಿಸಿದವರು ಕೆಲಸ ಮುಗಿಸಿ ಮನೆಗೆ ಬಂದ ಮೇಷ್ಟ್ರು, ಗುಮಾಸ್ತರು ಮತ್ತು ಅವರ ಮನೆಯವರು. ಸಾಹಿತ್ಯ ಸಮ್ಮೇಳನದ ಕೊನೆಯ ದಿನ ಪ್ರತಿ ಸಲ ನಿರ್ಣಯಗಳನ್ನು ಓದುತ್ತಾರೆ: ಕನ್ನಡ ಮಾಧ್ಯಮ, ಕನ್ನಡಿಗರಿಗೆ ಉದ್ಯೋಗ, ಗಡಿ, ನೀರು. ಅವುಗಳ ಕೆಳಗೆ ಇನ್ನೊಂದನ್ನು ಸೇರಿಸಬಹುದು: ಸಂಜೆ ಆರರ ನಂತರ ಕಚೇರಿಯ ಫೋನು ಬರಕೂಡದು. ಮಂಡಿಸಲು ನಾನು ಸಿದ್ಧ. ಅನುಮೋದಿಸುವವರಿಗೆ ಆ ಭಾನುವಾರ ಡ್ಯೂಟಿ ಇಲ್ಲದಿದ್ದರೆ ಸರಿ.